90 ಡಿಗ್ರಿ ಆಚಾರ್ಯರು

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ಇವರು ಸಿಗುತ್ತಾರೆ. ಎರಡು ಹೋಳಾದ ಕೀಬೋರ್ಡ್, ಮಗ್ಗುಲಾಗಿ ನಿಂತ ಮೌಸ್, ಮಾನಿಟರನ್ನು ಎತ್ತಿಹಿಡಿದ ಲೋಹದ ತೋಳು, ಕಾಲಡಿಗೆ ಇಳಿಜಾರು ಮಣೆ. ಇಷ್ಟರ ನಡುವೆ ಎಲ್ಲೋ ಒಂದು ಕಂಪ್ಯೂಟರೂ ಇರುತ್ತದೆ. ಹೆಸರು ಏನೇ ಇರಲಿ, ಟೀಮಿನವರಿಗೆ ಇವರು 90 ಡಿಗ್ರಿ ಆಚಾರ್ಯರು. ಎದುರಿಗೆ ಯಾರು ಕೂತರೂ ಇವರ ಕಣ್ಣು ಮುಖಕ್ಕಿಂತ ಮೊದಲು ಮೊಣಕೈಗೆ ಹೋಗುತ್ತದೆ, 90 ಡಿಗ್ರಿಗೆ ಬಾಗಿದೆಯೋ ಎಂದು.

"ಯಾಕೋ ಕುತ್ತಿಗೆ ಹಿಡ್ಕೊಂಡಿದೆ" ಎಂದಿರೋ, ಕೆಟ್ಟಿರಿ. ಆಚಾರ್ಯರು ನಿಮ್ಮ ಕೈಯನ್ನೇ ಹಿಡಿದು ಪಾಠ ಶುರುಮಾಡುತ್ತಾರೆ. "ಅಂಗೈ ಕೆಳಗೆ ಮಾಡಿ ಮೌಸ್ ಹಿಡೀತೀರಲ್ಲ, ಆಗ ಮುಂಗೈಯ ಎರಡು ಮೂಳೆ ಒಂದರ ಮೇಲೊಂದು ಅಡ್ಡ ಬರುತ್ವೆ, ಗೊತ್ತಾ? ಕೈ ಕುಲುಕೋ ಥರ ಹಿಡೀರಿ." ಆಮೇಲೆ ಸ್ಥಳಪುರಾಣ. ಏರಾನ್ ಕುರ್ಚಿ ಅವತರಿಸಿದ್ದು 1994ರಲ್ಲಿ, ಮೈಕ್ರೋಸಾಫ್ಟ್‌ನವರ ನಡು ಬಿರಿದ ನ್ಯಾಚುರಲ್ ಕೀಬೋರ್ಡ್ ಬಂದದ್ದೂ ಅದೇ ವರ್ಷ. ಆ ಕುರ್ಚಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ ಎನ್ನುವಾಗ ದನಿ ತಗ್ಗಿ, ಕೈ ಇನ್ನೇನು ಮುಗಿದೇಬಿಡುತ್ತದೆ.

ಹೇಳುವುದು ತಪ್ಪಲ್ಲ ಎನ್ನುವುದೇ ತಾಪತ್ರಯ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಅದರ ದೂರ ಒಂದು ತೋಳಿನಷ್ಟು, ಮಣಿಕಟ್ಟು ನೇರ, ಹೆಗಲು ಸಡಿಲ. ನಾಲ್ಕೈದು ಕಿಲೋ ತೂಗುವ ತಲೆ ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಗೆ ಹೊರೆ. ಅವರ ಕಾಟಕ್ಕೆ ನಾನೂ ಕುರ್ಚಿ ಏರಿಸಿಕೊಂಡೆ. ಹೆಗಲು ಹಗುರವಾಯಿತು, ಸುಳ್ಳು ಹೇಳಬಾರದು.

ಆದರೆ ಈ ಜ್ಞಾನವನ್ನೆಲ್ಲ ಆಚಾರ್ಯರು ಸಂಪಾದಿಸುವುದು ರಾತ್ರಿ, ಸೋಫಾದಲ್ಲಿ ಗದ್ದವನ್ನು ಎದೆಗೆ ಒತ್ತಿಕೊಂಡು, ಮೊಬೈಲಿನಲ್ಲಿ. ಪಕ್ಕದಲ್ಲೇ ಅಮೃತಾಂಜನದ ಡಬ್ಬಿ. "ಒಂದ್ ಸುತ್ತು ಓಡಾಡ್ಕೊಂಡ್ ಬಾರೋ" ಎಂದು ಅವರಮ್ಮ ಒಳಗಿನಿಂದ ಕೂಗುತ್ತಾರೆ. ಅಮ್ಮನಿಗೆ ವಿಜ್ಞಾನ ಗೊತ್ತಿಲ್ಲ.

ಒಮ್ಮೆ ಟೀಮಿನ ಹೊಸ ಹುಡುಗಿ, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್‌ನವರ 2018ರ ಸಮೀಕ್ಷೆಯನ್ನು ಅವರ ಮುಂದಿಟ್ಟಳು. ತೋಳಿನ ಆಸರೆ, ಬದಲಿ ಮೌಸ್‌ಗಳ ವಿಷಯದಲ್ಲಿ ಪುರಾವೆ ಹಾಗೂ ಇದೆ, ಹೀಗೂ ಇದೆ; ಕೆಲಸದ ನಡುವೆ ಹೆಚ್ಚಿಗೆ ಬಿಡುವು ತೆಗೆದುಕೊಂಡರೆ ನೋವು ತಗ್ಗಬಹುದು ಎಂದಿದೆ ಅದರಲ್ಲಿ.

"ಸಾರ್, ಹಾಗಾದ್ರೆ ಟೀಗೆ ಬನ್ನಿ."

"ನಾನು ಎದ್ರೆ ಯಾರಾದ್ರೂ ಬಂದು ಕೂತ್ಕೊಂಡು ಕುರ್ಚಿ ನಾಬ್ ತಿರುಗಿಸಿಬಿಟ್ರೆ?"

ಫ್ಲಾಸ್ಕ್ ಅವರ ಮೇಜಿನ ಮೇಲೇ ಇರುತ್ತದೆ. ಬೆಳಿಗ್ಗೆ ಕೂತರೆ ಊಟದ ಹೊತ್ತಿಗೇ ಏಳುವುದು. ಗುಂಡಿ ಒತ್ತಿದರೆ ಮೇಲೇರುವ ಮೇಜೂ ಉಂಟು, ಅತಿಥಿಗಳು ಬಂದಾಗ ಮಾತ್ರ ಏರುತ್ತದೆ.

ಮೊನ್ನೆ ಅಡಿಕೆ ಕೊಯ್ಲಿಗೆಂದು ಸಾಗರದ ಕಡೆಯ ತಮ್ಮೂರಿಗೆ ಹೋದರು. ತೋಟ ಸುತ್ತಿದ್ದಾರೆ, ಗೊನೆ ಹೊತ್ತಿದ್ದಾರೆ, ಕೆರೆಗೆ ಬಿದ್ದು ಈಜಿದ್ದಾರೆ. ವಾಪಸ್ಸು ಬಂದಾಗ ಕುತ್ತಿಗೆ ಎರಡೂ ಕಡೆ ಸಲೀಸಾಗಿ ತಿರುಗುತ್ತಿತ್ತು.

"ನೋಡಿದ್ರಾ? ರಾತ್ರಿ ಬಸ್ಸಿಗೆ ಅಂತ ಕತ್ತಿನ ದಿಂಬು ತಗೊಂಡಿದ್ನಲ್ಲ, ಅದರ ಮಹಿಮೆ!"

ಆಫೀಸಿಗೆಂದು ಇನ್ನೊಂದು ಆರ್ಡರ್ ಮಾಡಿದ್ದಾರೆ. ಬರುವವರೆಗೆ ತಲೆ ಅಲ್ಲಾಡಿಸಬಾರದಂತೆ. ಮಾತಾಡಿಸಿದರೆ ಕುರ್ಚಿಯನ್ನೇ ತಿರುಗಿಸುತ್ತಾರೆ.