ಸಿಸ್ಟಮ್ ಸರ್ ಮತ್ತು ಕೆಂಪು ವಹಿ

ಬೈಲಹೊಂಗಲದ ಪೇಟೆಯಲ್ಲಿ ನಿಂತು ‘ಸಿಸ್ಟಮ್ ಸರ್ ಎಲ್ಲಿ ಸಿಗ್ತಾರ್ರಿ?’ ಎಂದು ಕೇಳಿದರೆ ‘ಯಾವ ಸಿಸ್ಟಮ್ ಸರ್ರೀ?’ ಎಂದು ಮರುಪ್ರಶ್ನೆ ಬರುತ್ತದೆ. ಪತ್ತಿನ ಸಂಘಕ್ಕೊಬ್ಬರು, ಕಾಲೇಜಿಗೊಬ್ಬರು, ದವಾಖಾನೆಗೊಬ್ಬರು. ಕಿತ್ತೂರಿನಲ್ಲೂ ಇದ್ದಾರೆ, ಸವದತ್ತಿ, ರಾಮದುರ್ಗಗಳಲ್ಲೂ ಇದ್ದಾರೆ. ಹೆಸರು ಬೇರೆಯಾದರೂ ಚಹರೆ ಒಂದೇ: ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಟೆಸ್ಟರ್, ಗಾಡಿಯ ಡಿಕ್ಕಿಯಲ್ಲಿ ವಾಯರಿನ ತುದಿಗೆ ಜಾಕ್ ಒತ್ತುವ ಇಕ್ಕಳ, ಕಂಕುಳಲ್ಲಿ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ವಹಿ. ಪಗಾರದ ಪಟ್ಟಿಯಲ್ಲಿ ಅವರ ಹುದ್ದೆ ಇಂದಿಗೂ ‘ಕ್ಲರ್ಕ್’. ಆದರೆ ಚೇರ್ಮನ್ನರು ಬಂದಾಗ ಎದ್ದು ನಿಲ್ಲದೆ ಮೇಜಿನ ಕೆಳಗೇ ಕೂತಿರುವ ಅಧಿಕಾರ ಇಡೀ ಸಂಘದಲ್ಲಿ ಅವರೊಬ್ಬರಿಗೇ ಇದೆ.

ಈ ವರ್ಗದ ಹಿರಿಯರು ವಿದ್ಯೆ ಕಲಿತದ್ದು ತಹಶೀಲ್ದಾರ್ ಕಚೇರಿಯ ಕಿಟಕಿಯ ಹೊರಗೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, ಅಂದರೆ ಈ ಕಡೆಯ ಮಾತಿನಲ್ಲಿ ಉತಾರಗಳು, ಕಂಪ್ಯೂಟರಿನ ಹೊಟ್ಟೆ ಸೇರಿದವು. ತಲಾಟಿಯ ಮನೆಗೆ ಅಲೆಯುವುದು ತಪ್ಪಿ, 15 ರೂಪಾಯಿ ಕೊಟ್ಟು ಉತಾರ ಹಿಡಿದು ಬರುವ ಕಾಲ ಬಂತು. ಕಿತ್ತೂರು ಆಗ ಬೈಲಹೊಂಗಲ ತಾಲ್ಲೂಕಿನಲ್ಲೇ ಇದ್ದುದರಿಂದ ಅಲ್ಲಿಯವರೂ ಇಲ್ಲಿಯ ಪಾಳಿಯಲ್ಲೇ ನಿಲ್ಲುತ್ತಿದ್ದರು. ಪಾಳಿಯಲ್ಲಿದ್ದವರೆಲ್ಲ ಕಾಗದ ನೋಡಿದರೆ ನಮ್ಮ ಸರ್ ನೋಡಿದ್ದು ಕಿಟಕಿಯಾಚೆಯ ಡಬ್ಬಿಯನ್ನು. ಸರ್ವೆ ನಂಬರು, ಹಿಸ್ಸೆ, ಬದು ಎಂಬ ಮಾತುಗಳು ಅಂದು ತಲೆ ಹೊಕ್ಕವು, ಇನ್ನೂ ಹೊರಬಿದ್ದಿಲ್ಲ. ನೆಟ್‌ವರ್ಕಿನ ಯಾವ ಸಂಗತಿಯನ್ನೂ ಅವರು ಹೊಲದ ಭಾಷೆ ಬಿಟ್ಟು ಹೇಳಲಾರರು.

ಅವರ ನಿಜವಾದ ದರ್ಶನವಾಗಬೇಕಾದರೆ ಸಂಘಕ್ಕೆ ಹೊಸ ಸ್ಟೋರೇಜ್ ಬರಬೇಕು. ನಾಲ್ಕೂ ಊರಿನ ಶಾಖೆಗಳ ಠೇವಣಿ, ಸಾಲ, ಅಡವಿಟ್ಟ ಬಂಗಾರದ ಲೆಕ್ಕ, ಸದಸ್ಯರ ಹೆಬ್ಬೆಟ್ಟು ಎಲ್ಲವನ್ನೂ ತುಂಬಿಕೊಳ್ಳುವ, ಡಜನ್ ಹಾರ್ಡ್‌ಡಿಸ್ಕಿನ ಕಬ್ಬಿಣದ ಪೆಟ್ಟಿಗೆ ಅದು. ಬಂತು, ಕುಂಕುಮ ಹಚ್ಚಿದರು, ಕಾಯಿ ಒಡೆದರು. ಚೇರ್ಮನ್ನರು ಪ್ಲಗ್ಗಿಗೆ ಕೈಹಾಕಿದರು.

‘ತಡೀರಿ ಸಾವಕಾರ್ರ. ವಾಯರ್ ಆಮ್ಯಾಲೆ. ಮೊದಲ ಹಾಳಿ.’

‘ಎಷ್ಟ ಹಾಳಿ ಬರೀತೀರಿ? ಒಂದ ಐಪಿ ಕೊಟ್ಟು ಚಾಲೂ ಮಾಡ್ರಲಾ.’

‘ಒಂದ ಸಾಲೂದಿಲ್ರೀ. ಮೂರು ಬೇಕು.’

‘ಒಂದ ಡಬ್ಬಿಗೆ ಮೂರು ವಿಳಾಸ? ಎರಡೆರಡು ಸಂಸಾರ ಐತೇನ್ರೀ ಅದಕ್ಕ?’

ಸಂಸಾರವಲ್ಲ, ಎರಡು ತಲೆ. ಇಂಥ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಕಂಟ್ರೋಲರ್ ಇರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ನಡೆಸಬೇಕು. ಪ್ರತಿಯೊಂದಕ್ಕೂ ಮೇಲ್ವಿಚಾರಣೆಗೆಂದೇ ಬೇರೆ ಜಾಕು, ಬೇರೆ ವಿಳಾಸ. ಮೂರನೆಯದು, ಯಾವುದು ಬದುಕಿದೆಯೋ ಅದರ ಮೇಲೆ ಹೋಗಿ ಕೂರುವ ವಿಳಾಸ. ಸರ್ ಹೇಳುವುದು ಇಷ್ಟೇ: ಎತ್ತು ಎರಡು, ಎತ್ತಿಗೊಂದು ಹಗ್ಗ, ಹಗ್ಗ ಹಿಡಿಯುವ ಕೈ ಒಂದು. ಲೆಕ್ಕ ಹಾಕಿದರೆ ಮೂರೇ ಆಗುತ್ತದೆ. ಡೇಟಾ ಓಡಾಡುವ ವಾಯರು ಮತ್ತೂ ಬೇರೆ. ಮಾಲು ತುಂಬಿದ ಚಕ್ಕಡಿಗಳು ಹಾದಿ ಕಟ್ಟಿಕೊಂಡು ನಿಂತಾಗಲೂ ಯಜಮಾನ ಬದುವಿನ ಮೇಲೆ ನಡೆದುಹೋಗಿ ಹೊಲ ನೋಡಿ ಬರುವಂತಿರಬೇಕಲ್ಲ!

ವಹಿಯ ಆ ಪುಟಕ್ಕೆ ಅವರು ಸ್ಕೇಲು ಹಿಡಿದು ಗೆರೆ ಹಾಕುತ್ತಾರೆ. ಐಪಿ ಎಂದರೆ ಸರ್ವೆ ನಂಬರು. ಸಬ್‌ನೆಟ್ ಮಾಸ್ಕ್ ಎಂದರೆ ಬದು: 255.255.255.0 ಎಂದು ಬದು ಹಾಕಿದರೆ ಒಳಗೆ 256 ಹಿಸ್ಸೆ, ಎರಡು ಸರಕಾರದ ಪಾಲು, ಉಳುವವರಿಗೆ 254. ಗೇಟ್‌ವೇ ಎಂದರೆ ಊರ ಅಗಸಿ. ಅಗಸಿಯ ನಂಬರು ತಪ್ಪಿದರೆ ಪೆಟ್ಟಿಗೆ ಓಣಿಯವರ ಜತೆ ಹರಟುತ್ತದೆ, ರಾಮದುರ್ಗದಿಂದ ಕೂಗಿದರೆ ಮಾತ್ರ ಓಗೊಡುವುದಿಲ್ಲ. ಡಿಎನ್‌ಎಸ್ ಎಂದರೆ ಅಡ್ಡಹೆಸರು ಹೇಳಿದರೆ ಮನೆ ತೋರಿಸುವ ಹುಡುಗ.

ಮಾಲು ತಂದ ಕಂಪನಿಯ ಹುಡುಗ, ಹುಬ್ಬಳ್ಳಿಯವ, ‘ಡಿಎಚ್‌ಸಿಪಿ ಹಾಕಿಬಿಡ್ರಿ ಸರ್, ವಿಳಾಸ ತಾನ ತಗೋತೈತಿ’ ಎಂದ. ಸರ್ ಕನ್ನಡಕ ಇಳಿಸಿ ನೋಡಿದರು. ‘ಎಲ್ಲಮ್ಮನ ಜಾತ್ರಿಯೊಳಗ ಬಂಡಿ ಬಿಟ್ಟಂಗೇನೋ ಇದು? ಇವತ್ತ ಈ ಗಿಡದ ಬುಡಕ, ನಾಳೆ ಆ ಕಲ್ಲಿನ ಬಾಜೂಕ. ಬಂಗಾರ ಇಡೂ ತಿಜೋರಿ ಒಂದ ಕಡೆ ಕೂಡಬೇಕು.’ ಹುಡುಗ ಚಹಾ ಕುಡಿಯಲು ಹೊರಗೆ ಹೋದವನು ಆ ವಿಷಯ ಮತ್ತೆ ಎತ್ತಲಿಲ್ಲ.

ಸರ್ ಇಷ್ಟು ಹಟ ಹಿಡಿಯಲು ಕಾರಣವಿದೆ. ಮೊದಲು ನಾಲ್ಕೂ ಶಾಖೆಗಳಲ್ಲಿ ಕೇಬಲ್‌ನವರು, ಕ್ಯಾಮೆರಾದವರು ಬಂದು ತಮಗೆ ತಿಳಿದ ಒಂದೇ ನಂಬರು ಕೂರಿಸಿ ಹೋಗಿದ್ದರು: 192.168.1. ಊರು ಊರು ಬೇರೆ ಇರುವತನಕ ಜಗಳವಿಲ್ಲ. ನಾಲ್ಕನ್ನೂ ಜೋಡಿಸಿದ ದಿನ ಒಂದೇ ಸರ್ವೆ ನಂಬರಿಗೆ ನಾಲ್ವರು ಮಾಲೀಕರು ಹುಟ್ಟಿಕೊಂಡರು. ಸವದತ್ತಿಯ ಪ್ರಿಂಟರಿಗೆ ಕಳಿಸಿದ್ದು ಬೈಲಹೊಂಗಲ ದಾಟಲೇ ಇಲ್ಲ. ಇಂಟರ್‌ನೆಟ್ಟಿನ ನಿಯಮ ಬರೆಯುವವರು 1996ರಲ್ಲಿ ಆರ್‌ಎಫ್‌ಸಿ 1918 ಎಂಬ ಕಡತದಲ್ಲಿ ಮೂರು ಗಾಯರಾಣ ಬಿಟ್ಟಿದ್ದಾರೆ, ಯಾರು ಬೇಕಾದರೂ ಮೇಯಿಸಬಹುದು, ಯಾರೂ ಮಾರುವಂತಿಲ್ಲ. ಅದರಲ್ಲಿ ದೊಡ್ಡದು 10ರಿಂದ ಶುರುವಾಗುವುದು. ಅಷ್ಟು ದೊಡ್ಡ ಬಯಲು ಸಿಕ್ಕಾಗ ಸರ್ ಒಳಗಿದ್ದ ಇತಿಹಾಸಕಾರ ಎದ್ದು ಕೂತ.

ಕಿತ್ತೂರಿಗೆ 1824 ಕೊಡಬೇಕೆಂಬುದು ಅವರ ಆಸೆ; ಆ ವರ್ಷದ ಅಕ್ಟೋಬರ್ 23ರಂದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಯುದ್ಧದಲ್ಲಿ ಬಿದ್ದದ್ದು ಅಲ್ಲಿಯೇ ತಾನೆ? ಆದರೆ ಐಪಿಯ ಒಂದು ಮನೆಯೊಳಗೆ 255ಕ್ಕಿಂತ ದೊಡ್ಡ ಅಂಕಿ ಹಿಡಿಯುವುದಿಲ್ಲ. ಎರಡು ಮನೆ ಮಾಡಿ 10.18.24 ಎಂದು ಬರೆದರು. ಬೈಲಹೊಂಗಲಕ್ಕೆ 10.18.29, ರಾಣಿ ಚನ್ನಮ್ಮ ಅಲ್ಲಿ ಸೆರೆಯಲ್ಲಿ ತೀರಿಕೊಂಡ ವರ್ಷ. ಸವದತ್ತಿಗೆ, ಏಳುಕೊಳ್ಳದ ಎಲ್ಲಮ್ಮನ ಲೆಕ್ಕದಲ್ಲಿ 10.7.7. ರಾಮದುರ್ಗಕ್ಕೆ ಮಲಪ್ರಭೆ ಊರು ಹೊಕ್ಕ 2019ರ ನೆನಪಿಗೆ 10.20.19. ರಾಮದುರ್ಗದ ಮ್ಯಾನೇಜರು ಇದನ್ನು ಅಪಶಕುನವೆಂದು ಲಿಖಿತ ತಕರಾರು ಸಲ್ಲಿಸಿದರು. ‘ಹೊಳಿ ಎಲ್ಲಿತನಕ ಬಂದಿತ್ತು ಅಂತ ನೆನಪಿದ್ರ ಸರ್ವರ್ ಮ್ಯಾಲಿನ ಮಾಡಕ್ಕ ಇಡ್ತೀರಿ’ ಎಂದು ಸರ್ ಅದೇ ಕಾಗದದ ಬೆನ್ನಿಗೆ ಉತ್ತರ ಬರೆದರು. ಇದು ಮಾತ್ರ ತೂಕದ ಮಾತು. ಆ ಶಾಖೆಯ ಪೆಟ್ಟಿಗೆ ಈಗ ಮೊದಲ ಮಹಡಿಯಲ್ಲಿದೆ.

ಗಡಿಯಾರದ ವಿಷಯಕ್ಕೆ ಬಂದರೆ ಅವರು ಪಂಚಾಂಗದ ಭಟ್ಟರಿಗಿಂತ ಕಟ್ಟುನಿಟ್ಟು. ಹಿಂದಿನ ಪೆಟ್ಟಿಗೆಗೆ ಯಾರೋ ಸಮಯವಲಯ ಹಾಕದೆ ಬಿಟ್ಟಿದ್ದರು. ದಾಖಲೆಯಲ್ಲಿ ನೋಡಿದರೆ ದಿನಾಲೂ ಬೆಳಗಿನ ಜಾವ ನಾಲ್ಕೂವರೆಗೆ ಯಾರೋ ಒಳಹೊಕ್ಕಿದ್ದಾರೆ! ಆಡಳಿತ ಮಂಡಳಿ ಸೇರಿ ವಾಚ್‌ಮನ್ನನನ್ನು ಎರಡು ತಾಸು ವಿಚಾರಿಸಿತು. ಪಾಪ, ಆತ ಆ ಹೊತ್ತಿಗೆ ನಿದ್ದೆ ಮಾಡುತ್ತಿದ್ದೆನೆಂದು ಒಪ್ಪಿಕೊಂಡು ಇನ್ನೊಂದು ತಪ್ಪಿಗೆ ಸಿಕ್ಕಿಬಿದ್ದ. ಪೆಟ್ಟಿಗೆ ಗ್ರೀನಿಚ್ ಲೆಕ್ಕದಲ್ಲಿತ್ತು. ಅದಕ್ಕೆ ಐದೂವರೆ ತಾಸು ಕೂಡಿಸಿದರೆ ಬೆಳಗಿನ ಹತ್ತು ಗಂಟೆ, ಸರ್ ಸ್ವತಃ ಬಂದು ಲಾಗಿನ್ ಆಗುವ ವೇಳೆ. ಅಂದಿನಿಂದ ವಹಿಯಲ್ಲಿ ಸಮಯವಲಯದ ಸಾಲು ಕೆಂಪು ಶಾಯಿಯಲ್ಲಿದೆ.

ಪಾಸ್‌ವರ್ಡ್ ಬಗ್ಗೆ ಮಾತೆತ್ತಿದರೆ ಅವರು ಕಿತ್ತೂರಿನ ಕೋಟೆಗೇ ಹೋಗುತ್ತಾರೆ. ಮೊದಲ ಯುದ್ಧ ಗೆದ್ದ ಕೋಟೆ ಅದೇ 1824ರ ಡಿಸೆಂಬರಿನಲ್ಲಿ ಬಿತ್ತು. ಮದ್ದಿಗೆ ಸಗಣಿ ಬೆರೆಸಿದವರು ಒಳಗಿನವರೇ ಎಂದು ಜನ ಇಂದಿಗೂ ಹೇಳುತ್ತಾರೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಅಂಥ ಸಗಣಿ. 2016ರಲ್ಲಿ ಮಿರಾಯ್ ಎಂಬ ಹುಳ ಇಂಥ ಅರವತ್ತರಷ್ಟು ಹೆಸರು-ಗುಟ್ಟುಗಳ ಪಟ್ಟಿ ಹಿಡಿದೇ ಲೋಕದ ಲಕ್ಷಾಂತರ ಕ್ಯಾಮೆರಾ, ರೌಟರುಗಳ ಒಳಹೊಕ್ಕಿತು. ಪೆಟ್ಟಿಗೆಯ ಯೋಗಕ್ಷೇಮ ತಿಳಿಸುವ ಎಸ್‌ಎನ್‌ಎಂಪಿಯ ಹಳೆಯ ಪದ್ಧತಿಯಲ್ಲಿ ಗುಟ್ಟಿನ ಪದ ಹುಟ್ಟಿನಿಂದಲೇ ‘ಪಬ್ಲಿಕ್’. ‘ಗುಟ್ಟಿಗೇ ಪಬ್ಲಿಕ್ ಅಂತ ಹೆಸರಿಟ್ಟಾರ ನೋಡ್ರಿ’ ಎಂದು ಸರ್ ಎದುರಿಗಿದ್ದವರ ತೊಡೆ ತಟ್ಟಿ ನಗುತ್ತಾರೆ. ನಗುವವರು ಅವರೊಬ್ಬರೇ.

ಎಚ್ಚರಿಕೆಯ ಮೇಲ್ ಯಾರಿಗೆ ಹೋಗಬೇಕು ಎಂಬ ಕಾಲಮಿನಲ್ಲಿ ಚೇರ್ಮನ್ನರು ಹಟ ಮಾಡಿ ತಮ್ಮ ಹೆಸರೂ ಹಾಕಿಸಿದರು. ಎಂಟೇ ದಿನಕ್ಕೆ ‘ಫ್ಯಾನ್ ನಿಂತಿದೆ’ ಎಂದು ಮೇಲ್ ಬಂತು. ಅವರು ತಕ್ಷಣ ವಾಯರ್‌ಮನ್ ಕಳಿಸಿ ಸಭಾಗೃಹದ ಮೂರೂ ಸೀಲಿಂಗ್ ಫ್ಯಾನುಗಳಿಗೆ ಎಣ್ಣೆ ಬಿಡಿಸಿದರು.

ಇಷ್ಟೆಲ್ಲ ಯೋಜನೆಯನ್ನು ಕಂಪ್ಯೂಟರಿನಲ್ಲಿ ಇಡಬಾರದೇ ಎಂದರೆ ಸರ್ ಒಪ್ಪುವುದಿಲ್ಲ. ಬಾವಿಯೊಳಗೆ ಬಿದ್ದಾಗ ಏಣಿಯೂ ಬಾವಿಯೊಳಗೇ ಇದ್ದರೆ ಏನು ಬಂತು? ಇದೂ ಸರಿಯಾದ ಮಾತೇ. ಆದರೆ ಕಳ್ಳರಿಗೆ ತಿಳಿಯದಿರಲೆಂದು ಅವರು ವಹಿಯನ್ನು ಕನ್ನಡ ಅಂಕಿಗಳಲ್ಲಿ ಬರೆದಿದ್ದಾರೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಎಲ್ಲ ಲೆಕ್ಕದ ಪುಸ್ತಕಗಳ ಜತೆ ಅದನ್ನೂ ಇಟ್ಟು ಅರಿಷಿಣ ಕುಂಕುಮ ಏರಿಸುತ್ತಾರೆ.

ಬನದ ಹುಣ್ಣಿಮೆಯ ದಿನ ಸರ್ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದರು. ಇತ್ತ ಬೈಲಹೊಂಗಲದಲ್ಲಿ ವೋಲ್ಟೇಜ್ ಏರಿಳಿದು ರೌಟರ್ ಸುಟ್ಟಿತು. ಹೊಸದಾಗಿ ಸೇರಿದ ಹುಡುಗ ಬೇರೆ ರೌಟರ್ ತಂದಿಟ್ಟು, ಅಗಸಿಯ ನಂಬರು ಕೂರಿಸಲು ವಹಿ ತೆರೆದ. ಉಧೋ ಉಧೋ ಎಂಬ ಗದ್ದಲದ ನಡುವೆ ಸರ್ ಫೋನೆತ್ತಿದರು.

‘ಸರ್, ಹತ್ತು ತಿಳೀತ್ರಿ, ಹದಿನೆಂಟೂ ಹೆಂಗೋ ಓದಿದೆ. ಮುಂದಿಂದು ಇಪ್ಪತ್ತಾರೋ ಇಪ್ಪತ್ತೊಂಬತ್ತೋ?’

‘ಬಾಲ ಯಾ ಕಡೆ ಐತಿ ನೋಡೋ!’

‘ಬಾಲದ ಮ್ಯಾಲ ಕುಂಕುಮ ಬಿದ್ದೈತ್ರಿ ಸರ್.’

‘ರಾಣಿ ಚನ್ನಮ್ಮ ತೀರಿಕೊಂಡ ವರ್ಷ ಹಾಕೋ, ಸಾಕು!’

ಚನ್ನಮ್ಮನ ಸಮಾಧಿ ಇರುವ ಊರಿನಲ್ಲೇ ಹುಟ್ಟಿ ಬೆಳೆದ ಹುಡುಗ ಅರೆಕ್ಷಣ ಸುಮ್ಮನಾದ.

‘ಗೂಗಲ್ ಮಾಡಿ ನೋಡ್ತೀನ್ರಿ ಸರ್... ಆದ್ರ ಮೊಬೈಲ್‌ದಾಗ ಇವತ್ತಿನ ಡೇಟಾ ಮುಗದೈತ್ರಿ. ಆಫೀಸಿನ ನೆಟ್ ಬಂದ ಕೂಡ್ಲೇ ನೋಡ್ತೀನ್ರಿ.’