ದ್ರಾಕ್ಷಾರಸಜ್ಞರು

ಮದ್ಯವನ್ನು ಕುಡಿದು ಸುಮ್ಮನಿರುವವರು, ಕುಡಿದು ಮಾತನಾಡುವವರು ಎಂಬ ಎರಡು ವರ್ಗಗಳನ್ನು ಲೋಕವು ಬಹುಕಾಲದಿಂದ ಬಲ್ಲುದು. ಮಾತನಾಡುವುದಕ್ಕಾಗಿಯೇ ಕುಡಿಯುವ, ಅದರಲ್ಲಿಯೂ ಕುಡಿಯುವುದಕ್ಕೆ ಮೊದಲೇ ಮಾತನ್ನು ಆಡಿ ಮುಗಿಸುವ ಮೂರನೆಯ ವರ್ಗವೊಂದು ನಮ್ಮ ಬೆಂಗಳೂರಿನಲ್ಲಿ, ವಿಶೇಷವಾಗಿ ಜಯನಗರ, ಬನಶಂಕರಿಗಳಂಥ ಮರ್ಯಾದಸ್ಥ ಬಡಾವಣೆಗಳಲ್ಲಿ, ಈಚಿನ ವರ್ಷಗಳಲ್ಲಿ ಉದಯವಾಗಿದೆ. ಈ ವರ್ಗದ ಮಹಾಶಯರು ಸಾಮಾನ್ಯವಾಗಿ ಐವತ್ತೈದನ್ನು ದಾಟಿದವರು. ಯಾವುದೋ ದೊಡ್ಡ ಸಂಸ್ಥೆಯಲ್ಲಿ ಇಂಜಿನಿಯರಾಗಿದ್ದು, ಉದ್ಯೋಗನಿಮಿತ್ತವಾಗಿ ಒಂದು ಚಳಿಗಾಲವನ್ನು ಸ್ಟುಟ್‌ಗಾರ್ಟಿನಲ್ಲಿಯೋ ಲಿಯೋನಿನಲ್ಲಿಯೋ ಕಳೆದು, ಅಲ್ಲಿನ ಸಸ್ಯಾಹಾರದ ದುರ್ಭಿಕ್ಷದಲ್ಲಿ ಬ್ರೆಡ್ಡು, ಚೀಸು, ವೈನುಗಳಿಂದ ಪ್ರಾಣಧಾರಣೆ ಮಾಡಿ, ಮೊದಲೆರಡನ್ನು ಅಲ್ಲಿಯೇ ಬಿಟ್ಟು ಮೂರನೆಯದನ್ನು ಮಾತ್ರ ಸಂಸ್ಕೃತಿಯೆಂದು ಸ್ವದೇಶಕ್ಕೆ ಹೊತ್ತು ತಂದವರು. ವಿಸ್ಕಿಯನ್ನು ಕಂಡರೆ ಇವರಿಗೆ ಇವರ ತಂದೆಯವರಿಗಿದ್ದಷ್ಟೇ ಜುಗುಪ್ಸೆ. ಬಾರಿನ ಬಾಗಿಲನ್ನು ಇವರು ತುಳಿಯರು. ಇವರ ವ್ಯಾಸಂಗವೆಲ್ಲ ಮನೆಯೊಳಗೆ, ಊಟದ ಮೇಜಿನ ಮೇಲೆ, ಬಿಳಿಯ ಬಟ್ಟೆ ಹಾಸಿ.

ನನಗೆ ಪರಿಚಿತರಾದ ಅಂಥವರೊಬ್ಬರನ್ನು ಇಲ್ಲಿ ರಾಯರೆಂದು ಕರೆಯುತ್ತೇನೆ. ಜಯನಗರದಲ್ಲಿ ರಾಯರೆಂದ ಮಾತ್ರಕ್ಕೆ ಯಾರ ಗುರುತೂ ಬಯಲಾಗುವ ಭಯವಿಲ್ಲ. ತಿಂಗಳಿಗೊಂದು ಶನಿವಾರ ಸಂಜೆ ರಾಯರ ಮನೆಯಲ್ಲಿ ಐರೋಪ್ಯ ವೈನಿನ ಆಸ್ವಾದನವು ನಡೆಯುತ್ತದೆ. ಅಂದು ಮಧ್ಯಾಹ್ನದಿಂದಲೇ ಅಲ್ಲಿ ಹೊಸದೊಂದು ಮಡಿಯು ಜಾರಿಗೆ ಬರುತ್ತದೆ. ಸಾರಿಗೆ ಇಂಗಿನ ಒಗ್ಗರಣೆ ಕೂಡದು. ದೇವರ ಮನೆಯಲ್ಲಿ ದೀಪಕ್ಕೆ ಅಡ್ಡಿಯಿಲ್ಲ, ಊದುಬತ್ತಿ ಕೂಡದು. ಬಂದ ಹೆಂಗಸರು ಮಲ್ಲಿಗೆ ಮುಡಿದಿದ್ದರೆ ರಾಯರೇ ನಗುನಗುತ್ತ ಅವರನ್ನು ಕಿಟಕಿಯ ಬಳಿಯ ಕುರ್ಚಿಗೆ ಕರೆದೊಯ್ದು ಕೂರಿಸುತ್ತಾರೆ. ನಿರ್ಮಲವಾದ ಮೂಗಿಗಲ್ಲದೆ ವೈನು ತನ್ನ ಅಂತರಂಗವನ್ನು ತೆರೆಯದೆಂಬುದು ಅವರ ಸಿದ್ಧಾಂತ. ಸಿದ್ಧಾಂತವೇನೋ ಸುಳ್ಳಲ್ಲ, ನಾಲಗೆಗೆ ನಿಲುಕುವುದು ಸಿಹಿ, ಹುಳಿ, ಕಹಿ ಮೊದಲಾದ ಕೆಲವು ರುಚಿಗಳಷ್ಟೇ, ಉಳಿದ ವೈಭವವೆಲ್ಲ ಗಂಟಲ ಹಿಂಬದಿಯಿಂದ ಮೂಗಿಗೆ ಏರುವ ಆವಿಯದು. ಆದರೆ ರಾಯರ ನಿಷೇಧಾಜ್ಞೆಯ ವ್ಯಾಪ್ತಿಯು ಅವರ ತಾಯಿಯವರ ಕೋಣೆಯ ಹೊಸಿಲಿಗೆ ಬಂದು ನಿಂತುಬಿಡುತ್ತದೆ. ಆ ವೃದ್ಧೆಯು ಸಂಜೆಯಾದೊಡನೆ ಹಣೆಗೂ ಮೊಣಕಾಲಿಗೂ ಧಾರಾಳವಾಗಿ ಅಮೃತಾಂಜನವನ್ನು ತಿಕ್ಕಿಕೊಳ್ಳುತ್ತಾರೆ. ರಾಯರ ಟಿಪ್ಪಣಿಯ ಪುಸ್ತಕದಲ್ಲಿ ರೋನ್ ಕಣಿವೆಯ ಕೆಂಪು ವೈನುಗಳ ಮುಂದೆಲ್ಲ ‘ಕರ್ಪೂರ, ನೀಲಗಿರಿಯ ಎಲೆ, ದೂರದಲ್ಲೆಲ್ಲೋ ಪುದೀನ’ ಎಂದು ಬರೆದಿದೆ. ತಾಯಿಯವರು ಧಾರವಾಡದ ಮಗಳ ಮನೆಗೆ ಹೋಗಿದ್ದ ತಿಂಗಳುಗಳಲ್ಲಿ ಅದೇ ಕಣಿವೆಯ ವೈನುಗಳಲ್ಲಿ ಆ ಗುಣವು ಕಾಣಿಸದೆ ಹೋದುದನ್ನು ರಾಯರು ದ್ರಾಕ್ಷಿಯ ಸಂವತ್ಸರಭೇದವೆಂದು ವಿವರಿಸುತ್ತಾರೆ.

ಉಷ್ಣತೆಯದು ಇನ್ನೊಂದು ತೊಡಕು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಸೇವಿಸತಕ್ಕದ್ದೆಂದು ಗ್ರಂಥಗಳು ವಿಧಿಸುತ್ತವೆ. ಆ ವಿಧಿಯನ್ನು ಬರೆದವರ ಕೋಣೆಯು 16-18 ಡಿಗ್ರಿಯ ಕಲ್ಲುಗೋಡೆಯದೇ ಹೊರತು ಏಪ್ರಿಲಿನಲ್ಲಿ 34ಕ್ಕೆ ಏರುವ ಬೆಂಗಳೂರಿನ ಎರಡನೆಯ ಮಹಡಿಯದಲ್ಲ. ಆದಕಾರಣ ಬರ್ಗಂಡಿಯ ಶೀಸೆಯು ಫ್ರಿಜ್ಜಿನಲ್ಲಿ, ಹಾಲಿನ ಪ್ಯಾಕೆಟ್ಟಿಗೂ ದೋಸೆಹಿಟ್ಟಿನ ಪಾತ್ರೆಗೂ ನಡುವೆ ಶಯನಿಸುತ್ತದೆ. ಒಂದು ಬೇಸಗೆಯ ರಾತ್ರಿ ಕರೆಂಟು ಹೋಗಿ ಬೆಳಗಿನವರೆಗೆ ಬಾರದಿರಲು, ಹಿಟ್ಟು ಉಕ್ಕಿ ಪಾತ್ರೆಯ ಮುಚ್ಚಳವನ್ನೆತ್ತಿ ಶೀಸೆಯ ಮೇಲೆ ಹರಿಯಿತು. ಹಿಟ್ಟು ಹಾಳಾಯಿತೆಂದು ಮನೆಯಾಕೆಯೂ ಲೇಬಲ್ಲು ಹಾಳಾಯಿತೆಂದು ರಾಯರೂ ಏಕಕಾಲದಲ್ಲಿ ಶೋಕಿಸಿದರು. ಒಳಗಿನ ವೈನಿನ ಯೋಗಕ್ಷೇಮವನ್ನು ಇಬ್ಬರೂ ವಿಚಾರಿಸಲಿಲ್ಲ. ಏಕೆಂದರೆ ಲೇಬಲ್ಲನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿ ಟಿಪ್ಪಣಿಯ ಪುಸ್ತಕಕ್ಕೆ ಅಂಟಿಸದ ಹೊರತು ಆ ವೈನನ್ನು ಕುಡಿದಂತೆಯೇ ಲೆಕ್ಕವಲ್ಲ.

ಅತಿಥಿಗಳನ್ನು ಏಳು ಗಂಟೆಗೆ ಕರೆದಿರುತ್ತಾರೆ. ಏಳೂವರೆಗೆ ಬಿರಡೆಯು ಹೊರಬರುತ್ತದೆ, ಅದನ್ನು ಎಲ್ಲರೂ ಮೂಸಿ ತಲೆದೂಗಬೇಕು. ಬಳಿಕ ವೈನನ್ನು ಅಗಲವಾದ ಗಾಜಿನ ಹೂಜಿಗೆ ಬಗ್ಗಿಸಿ, ಅದು ‘ಉಸಿರಾಡಲಿ’ ಎಂದು ಒಂದು ಗಂಟೆಯ ಕಾಲ ಬಿಡುತ್ತಾರೆ. ವೈನು ಉಸಿರಾಡುತ್ತಿರುವಷ್ಟು ಹೊತ್ತೂ ರಾಯರೊಬ್ಬರೇ ಮಾತನಾಡುವುದರಿಂದ ಅತಿಥಿಗಳಿಗೆ ಆ ಸೌಕರ್ಯವಿಲ್ಲ. ಅಂಗುಳು ಕೆಡುತ್ತದೆಂಬ ಕಾರಣದಿಂದ ಚಕ್ಕುಲಿ ಕೋಡುಬಳೆಗಳೂ ಮುಂದೆ ಬರುವುದಿಲ್ಲ. 1855ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನಕ್ಕಾಗಿ ಮೂರನೆಯ ನೆಪೋಲಿಯನ್ನನ ಇಚ್ಛೆಯಂತೆ ಬೋರ್ಡೋ ಪ್ರಾಂತದ ದಲ್ಲಾಳಿಗಳು, ಅಲ್ಲಿನ ತೋಟಗಳನ್ನು ಅವುಗಳ ಮಾಲಿಗೆ ಸಿಕ್ಕುತ್ತಿದ್ದ ಬೆಲೆಯ ಆಧಾರದ ಮೇಲೆ ಐದು ಶ್ರೇಣಿಗಳಾಗಿ ವಿಂಗಡಿಸಿದರಷ್ಟೆ; ಲಾಫೀತ್, ಲಾತೂರ್, ಮಾರ್ಗೋ, ಓ-ಬ್ರಿಯೋನ್ ಎಂದು ಆರಂಭಿಸಿ, ಮೂತೋನ್ ಎರಡನೆಯ ಶ್ರೇಣಿಯಿಂದ ಮೊದಲನೆಯದಕ್ಕೆ ಏರಿದ್ದು 1973ರಲ್ಲಿ ಎಂಬ ತಿದ್ದುಪಡಿಯನ್ನೂ ಸೇರಿಸಿ, ರಾಯರು ಇದನ್ನು ಮದುವೆಯ ಮನೆಯಲ್ಲಿ ಪುರೋಹಿತರು ಪ್ರವರ ಹೇಳುವಂತೆ ತಡೆಯಿಲ್ಲದೆ ಹೇಳುತ್ತಾರೆ. ಅಷ್ಟು ಹೊತ್ತು ಹೂಜಿಯಲ್ಲಿ ಉಸಿರಾಡುತ್ತಿರುವುದು ಮಾತ್ರ ಆ ಐದು ಶ್ರೇಣಿಗಳಲ್ಲಿ ಯಾವುದಕ್ಕೂ ಸೇರದ, ವಿಮಾನನಿಲ್ದಾಣದ ಅಂಗಡಿಯಲ್ಲಿ ಒಂದು ಕೊಂಡರೆ ಇನ್ನೊಂದಕ್ಕೆ ಅರ್ಧ ಬೆಲೆಯೆಂದು ಸಿಕ್ಕಿದ ಸಾಧಾರಣ ಬೋರ್ಡೋ. ಆ ಸೀಮೆಯಲ್ಲಿ ಕೆಂಪು ವೈನನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿಯನ್ನು ಬಳಸುವ ಪದ್ಧತಿ ಹಿಂದಿನಿಂದಲೂ ಇದೆ. ಪ್ರವರದ ಈ ಭಾಗವನ್ನು ರಾಯರು ತಾಯಿಯವರು ನಿದ್ರಿಸಿದ ಮೇಲೆ, ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಕೊನೆಗೆ ಬಗ್ಗಿಸುವುದು ತಲೆಗೆ ಐವತ್ತು ಮಿಲಿಲೀಟರು. ತೆಂಗಿನಕಾಯಿ ಹಿಡಿಸುವಷ್ಟು ದೊಡ್ಡ ಗ್ಲಾಸಿನ ತಳದಲ್ಲಿ ಅದು ಇದೆಯೋ ಇಲ್ಲವೋ ಎಂಬಂತಿರುತ್ತದೆ. ಗ್ಲಾಸನ್ನು ಓರೆಮಾಡಿ ಬಣ್ಣ ನೋಡಬೇಕು, ತಿರುಗಿಸಬೇಕು, ಮೂಗನ್ನು ಒಳಗಿಳಿಸಬೇಕು, ಅನಂತರ ಕಣ್ಣು ಮುಚ್ಚಬೇಕು. ಈ ಅವಸ್ಥೆಯಲ್ಲಿ ರಾಯರ ಮುಖವನ್ನು ನೋಡತಕ್ಕದ್ದೇ. ಹುಬ್ಬುಗಳು ಮೇಲೇರುತ್ತವೆ, ಎಡಗೈಯು ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ, ‘ಕಪ್ಪು ಕರಂಟು!’ ಎಂಬ ಉದ್ಗಾರವು ಹೊರಬೀಳುತ್ತದೆ. ಈ ಹಣ್ಣಿನೊಂದಿಗೆ ರಾಯರಿಗಿರುವ ಪರಿಚಯವೆಲ್ಲ ನಾಲ್ಕನೆಯ ಬ್ಲಾಕಿನ ಐಸ್‌ಕ್ರೀಮ್ ಅಂಗಡಿಯಲ್ಲಿ ಆದುದು. ಷಾಬ್ಲಿ ಸೀಮೆಯ ವೈನನ್ನು ಕುಡಿದಾಗ ‘ಸಿಂಪಿಯ ಚಿಪ್ಪು’ ಎನ್ನುತ್ತಾರೆ. ಆ ತೋಟಗಳು ನಿಂತಿರುವುದು ಪ್ರಾಚೀನ ಸಮುದ್ರದ ಸಿಂಪಿಗಳು ಕಲ್ಲಾಗಿ ಸೇರಿಹೋದ ಸುಣ್ಣದ ನೆಲದ ಮೇಲೆ ಎಂಬುದು ವಾಸ್ತವ. ಆದರೆ ಏಕಾದಶಿಯ ದಿನ ಅನ್ನವನ್ನೂ ಮುಟ್ಟದ ವಂಶದಲ್ಲಿ ಹುಟ್ಟಿ ಈರುಳ್ಳಿಯವರೆಗೆ ಮಾತ್ರ ಪ್ರಗತಿ ಸಾಧಿಸಿದ ರಾಯರಿಗೆ ಸಿಂಪಿಯ ರುಚಿಯು ಯಾವ ಜನ್ಮದ ವಾಸನೆಯೋ ತಿಳಿಯದು. ಇಟಲಿಯ ಬರೋಲೊ ವೈನಿನಲ್ಲಿ ಗುಲಾಬಿಯೂ ತಾರೂ ಕೂಡಿ ಪರಿಮಳಿಸುತ್ತವೆಂದು ಬಲ್ಲವರು ಹೇಳುತ್ತಾರೆ. ಒಂದು ಸಂಜೆ ಅವರ ಬೀದಿಗೆ ಡಾಂಬರು ಹಾಕುತ್ತಿದ್ದಾಗ ರಾಯರು ಗ್ಲಾಸನ್ನು ಹಿಡಿದುಕೊಂಡೇ ಗೇಟಿನ ಬಳಿಗೆ ಹೋಗಿ, ಕುದಿಯುತ್ತಿದ್ದ ಪೀಪಾಯಿಯನ್ನೊಮ್ಮೆ, ಗ್ಲಾಸನ್ನೊಮ್ಮೆ ಮೂಸುತ್ತ ನಿಂತಿದ್ದರು. ಕೆಲಸದಾಳುಗಳು ಸಲಿಕೆಗಳನ್ನು ಕೆಳಗಿಟ್ಟು ನೋಡಿದರು. ರಾಯರು ತೃಪ್ತರಾಗಿ ಹಿಂತಿರುಗಿ, ‘ತಾರು ಸರಿ, ಗುಲಾಬಿಗೆ ಲಾಲ್‌ಬಾಗಿಗೆ ಹೋಗಬೇಕು’ ಎಂದರು. ಇದನ್ನು ನಾನು ಪರಿಹಾಸ್ಯಕ್ಕಾಗಿ ಹೇಳಿದರೂ, ತಮ್ಮ ಮಾತನ್ನು ಪರೀಕ್ಷಿಸಲು ಬೀದಿಯವರೆಗೆ ನಡೆದುಹೋಗುವ ವಿಮರ್ಶಕರು ಸಾಹಿತ್ಯದಲ್ಲಿ ನನಗೆ ಹೆಚ್ಚಾಗಿ ಸಿಕ್ಕಿಲ್ಲ.

ಯೂರೋಪಿನದಲ್ಲದ ವೈನಿಗೆ ರಾಯರ ಮನೆಯಲ್ಲಿ ಪ್ರವೇಶವಿಲ್ಲ. ನಂದಿಬೆಟ್ಟದ ತಪ್ಪಲಿನದನ್ನು ಅವರು ಅಡಿಗೆಗೂ ಒಪ್ಪರು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಫ್ರೆಂಚ್ ತೀರ್ಪುಗಾರರೇ ಹೆಸರು ಕಾಣದಂತೆ ಸವಿದು, ಬಿಳಿಯದರಲ್ಲಿಯೂ ಕೆಂಪಿನಲ್ಲಿಯೂ ಕ್ಯಾಲಿಫೋರ್ನಿಯದ ವೈನುಗಳಿಗೇ ಮೊದಲ ಸ್ಥಾನವನ್ನು ಕೊಟ್ಟ ಪ್ರಸಂಗವನ್ನು ಅವರೆದುರು ಎತ್ತುವುದು ಅಶುಭದ ಮಾತನ್ನಾಡಿದಷ್ಟೇ ಅಪರಾಧ. ಆದರೂ ದೇವರ ಕ್ಯಾಲೆಂಡರನ್ನು ತೆಗೆಸಿ ಗೋಡೆಗೆ ಅವರು ತೂಗುಹಾಕಿರುವ ಪರಿಮಳಚಕ್ರವು ಅದೇ ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾನಿಲಯದ ಆನ್ ನೋಬಲ್ 1984ರಲ್ಲಿ ಪ್ರಕಟಿಸಿದ್ದು. ಅವರು ಅಂಕ ಕೊಡುವ ನೂರರ ಕ್ರಮವು ಮೇರಿಲ್ಯಾಂಡಿನ ವಕೀಲ ರಾಬರ್ಟ್ ಪಾರ್ಕರನು ಜನಪ್ರಿಯಗೊಳಿಸಿದ್ದು. ಆ ಕ್ರಮದಲ್ಲಿ ಲೆಕ್ಕವು ಐವತ್ತರಿಂದ ಪ್ರಾರಂಭವಾಗುತ್ತದೆ. ಗ್ಲಾಸಿಗೆ ಬಂದು ಬಿದ್ದ ಮಾತ್ರಕ್ಕೇ ವೈನಿಗೆ ಐವತ್ತು ಸಿಕ್ಕುವ ಈ ಔದಾರ್ಯವನ್ನು ನಮ್ಮ ಪರೀಕ್ಷಾ ಮಂಡಲಿಗಳು ಇನ್ನೂ ಕಂಡುಕೊಂಡಿಲ್ಲ.

ಬೋರ್ಡೋ ನಗರದಲ್ಲಿಯೇ ಫ್ರೆಡರಿಕ್ ಬ್ರೋಶೆ ಮತ್ತು ಸಂಗಡಿಗರು ವೈನುಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ ಕೊಟ್ಟಾಗ ಅವರು ಅದನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರೆಂದು 2001ರಲ್ಲಿ ಪ್ರಕಟವಾದ ಸಂಶೋಧನೆಯನ್ನು ನಾನು ಒಮ್ಮೆ ವಿನಯದಿಂದ ಅರಿಕೆಮಾಡಿದೆ. ರಾಯರು ಕಣ್ಣು ತೆರೆಯದೆಯೇ, ‘ವಿದ್ಯಾರ್ಥಿಗಳಲ್ಲವೇ ಸ್ವಾಮಿ’ ಎಂದರು.

ಪರೀಕ್ಷೆಯು ಅವರ ಮನೆಗೇ ನಡೆದು ಬಂದದ್ದು ಸೋದರಳಿಯನ ರೂಪದಲ್ಲಿ. ಆ ಹುಡುಗ ಬಾಝೆಲ್ ನಗರದಲ್ಲಿ ರಸಾಯನವಿಜ್ಞಾನಿ. ಅವನು ರಜೆಗೆ ಬಂದಿದ್ದ ಶನಿವಾರ ಬರ್ಗಂಡಿಯದೊಂದು ಶೀಸೆಯನ್ನು ತೆರೆದಿದ್ದರು. ರಾಯರು ಅಂದು ಅಪೂರ್ವವಾದ ಸ್ಫೂರ್ತಿಯಲ್ಲಿದ್ದು, ಮಳೆ ನಿಂತ ಮೇಲಿನ ಕಾಡಿನ ನೆಲ, ಹಳೆಯ ಗ್ರಂಥಭಂಡಾರ, ಪುರಾತನ ದೇವಾಲಯದ ಗರ್ಭಗೃಹ ಎಂದು ಮುಂತಾಗಿ ವರ್ಣಿಸಿ 93 ಅಂಕಗಳನ್ನು ದಯಪಾಲಿಸಿದ್ದರು. ನಾವೆಲ್ಲರೂ ಗರ್ಭಗೃಹದವರೆಗೆ ಅವರನ್ನು ಹಿಂಬಾಲಿಸಿದ್ದೆವು. ಹುಡುಗನು ಒಮ್ಮೆ ಮೂಸಿ ಗ್ಲಾಸನ್ನು ಕೆಳಗಿಟ್ಟು, ‘ಮಾವ, ಇದು ಕೆಟ್ಟಿದೆ. ಬಿರಡೆ ದೋಷ. ಒದ್ದೆ ರಟ್ಟಿನ ವಾಸನೆ ಬರ್ತಾ ಇದೆ ನೋಡಿ’ ಎಂದನು. ಬಿರಡೆಯಲ್ಲಿ ಸೇರಿಕೊಳ್ಳುವ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತುವು ಲಕ್ಷಕೋಟಿಯಲ್ಲಿ ಕೆಲವೇ ಭಾಗಗಳಷ್ಟಿದ್ದರೂ ವೈನನ್ನು ಹಾಳುಮಾಡುತ್ತದೆಂದು ಅವನು ಹೇಳುತ್ತಿರಲು, ಅತಿಥಿಗಳು ಒಬ್ಬೊಬ್ಬರಾಗಿ ಮತ್ತೆ ಮೂಸಿದರು. ಗರ್ಭಗೃಹವು ನಮ್ಮೆಲ್ಲರ ಕಣ್ಣೆದುರಿಗೇ ಒದ್ದೆ ರಟ್ಟಿನ ಪೆಟ್ಟಿಗೆಯಾಯಿತು. ರಾಯರು ಮಾತ್ರ ವಿಚಲಿತರಾಗಲಿಲ್ಲ. ಪುಸ್ತಕವನ್ನು ತರಿಸಿ, ಬರೆದುದರಲ್ಲಿ ಒಂದಕ್ಷರವನ್ನೂ ಹೊಡೆಯದೆ, ಕೆಳಗೆ ‘ದೋಷಯುಕ್ತವಾದರೂ ಗಂಭೀರ’ ಎಂದು ಸೇರಿಸಿ, 93ನ್ನು 88ಕ್ಕೆ ಇಳಿಸಿದರು.

ಇಷ್ಟೆಲ್ಲ ಹೇಳಿದ ಮೇಲೆ ಮೊಸೆಲ್ ನದಿಯ ದಡದ ರೀಸ್ಲಿಂಗನ್ನು ಕುರಿತು ಹೇಳದಿದ್ದರೆ ಅನ್ಯಾಯವಾದೀತು. ಕಡಿದಾದ ಸ್ಲೇಟುಕಲ್ಲಿನ ಇಳಿಜಾರುಗಳಲ್ಲಿ ಬೆಳೆದ ಆ ದ್ರಾಕ್ಷಿಯ ವೈನು ಶೀಸೆಯಲ್ಲಿ ಕೆಲವು ವರ್ಷ ಕಳೆದರೆ ಪೆಟ್ರೋಲಿನ ವಾಸನೆಯನ್ನು ತಾಳುತ್ತದೆಂದು ರಾಯರು ಮೊದಲೇ ಎಚ್ಚರಿಸಿದ್ದರು. ಅಂದು ನಮ್ಮೊಡನೆ ಇದ್ದ ನಿವೃತ್ತ ರೈಲ್ವೆ ಗಾರ್ಡರೊಬ್ಬರು, ಈ ಶಾಸ್ತ್ರದ ಗಂಧವೇ ಇಲ್ಲದವರು, ಗ್ಲಾಸಿನಲ್ಲಿ ಮೂಗಿಟ್ಟು ಬಹಳ ಹೊತ್ತು ಎತ್ತಲೇ ಇಲ್ಲ. ‘ಪೆಟ್ರೋಲಲ್ಲ ಸ್ವಾಮಿ, ಸೀಮೆಎಣ್ಣೆ. ನಮ್ಮ ಕೈದೀಪಕ್ಕೆ ಹಾಕ್ತಿದ್ದದ್ದು. ಬೆಳಗಿನ ಜಾವ ಅರಸೀಕೆರೇಲಿ ಗಾಡಿ ನಿಂತಾಗ ಕೈಗೆಲ್ಲ ಇದೇ ವಾಸನೆ’ ಎಂದರು. ರಾಯರು ಅನುಕಂಪದಿಂದ ನಕ್ಕು, ಕಪಾಟಿನ ಗ್ರಂಥವನ್ನು ತೆರೆದು ನೋಡಲು, ಸೀಮೆಎಣ್ಣೆಗೂ ಅಲ್ಲಿ ಅಂಗೀಕಾರವಿತ್ತು. ಅವರು ಗಾರ್ಡರ ಕೈಕುಲುಕಿ ಅಭಿನಂದಿಸಿ, ಆ ಶಬ್ದವನ್ನು ಪುಸ್ತಕದಲ್ಲಿ ಸ್ವಂತ ಅಭಿಪ್ರಾಯವಾಗಿ ಬರೆದುಕೊಂಡರು. ನಾನೂ ಮೂಸಿದೆ, ನಿಂಬೆಯ ಸಿಪ್ಪೆ, ಜೇನು, ಅವುಗಳ ಹಿಂದೆ ನಿಸ್ಸಂದೇಹವಾಗಿ ಸೀಮೆಎಣ್ಣೆ. ಬಿಸಿಲುಂಡ ಹಣ್ಣಿನ ಸಿಪ್ಪೆಯ ವರ್ಣದ್ರವ್ಯಗಳು ಕಾಲಾಂತರದಲ್ಲಿ ಒಡೆದು ಈ ಗಂಧವಾಗುತ್ತದೆಂದು ರಸಾಯನಶಾಸ್ತ್ರವು ಹೇಳುತ್ತದೆ. ಆ ರಾತ್ರಿ ಗಾರ್ಡರು ಅರಸೀಕೆರೆ, ಬೀರೂರು, ಹರಿಹರ ಎಂದು ನಿಲ್ದಾಣ ನಿಲ್ದಾಣವಾಗಿ ಮಾತನಾಡುತ್ತ ಹೋದರು. ರಾಯರ ಮನೆಯಲ್ಲಿ ರಾಯರಲ್ಲದವರು ಮಾತನಾಡಿದ್ದನ್ನು ನಾನು ಕೇಳಿದ್ದು ಅಂದೇ.

ಸಿಹಿಯ ವೈನುಗಳ ವಿಷಯದಲ್ಲಿ ಮಾತ್ರ ರಾಯರಿಗೆ ಎದುರುವಾದಿಗಳಿದ್ದಾರೆ. ಸೋತೆರ್ನ್ ಎಂಬಲ್ಲಿ ಶರತ್ಕಾಲದ ಮಂಜಿನಿಂದ ಒಂದು ಬಗೆಯ ಬೂಷ್ಟು ಹಿಡಿದು ಬಾಡಿದ ದ್ರಾಕ್ಷಿಯನ್ನೇ ಆರಿಸಿ ಹಿಂಡಿ ಅಮೂಲ್ಯವಾದ ವೈನನ್ನು ಮಾಡುತ್ತಾರೆಂದು ಅವರು ವಿವರಿಸುತ್ತಿದ್ದಾಗ ಒಳಗಿನಿಂದ ತಾಯಿಯವರ ದನಿ ಕೇಳಿಸಿತು: ‘ಕೊಳೆತ ಹಣ್ಣಿಗೆ ಅಷ್ಟು ದುಡ್ಡು ಕೊಡ್ತೀಯೇನೋ? ಮಾರ್ಕೆಟ್ಟಿನವನು ಸುಮ್ಮನೆ ಕೊಡ್ತಾನಲ್ಲೋ!’ ಆದರೂ ಒಂದು ಚಮಚದಷ್ಟನ್ನು ಅವರಿಗೂ ಕೊಟ್ಟರು. ಆಕೆ ಅದನ್ನು ನಾಲಗೆಯ ಮೇಲೆ ಕ್ಷಣಕಾಲ ನಿಲ್ಲಿಸಿ, ತಾವು ಬಾಣಂತಿಯಾಗಿದ್ದಾಗ ಪಂಡಿತರು ಕೊಡುತ್ತಿದ್ದ ದ್ರಾಕ್ಷಾಸವವು ಇದಕ್ಕಿಂತ ಖಾರವಾಗಿತ್ತೆಂದೂ, ಇದರಲ್ಲಿ ಪಿಪ್ಪಲಿ ಸಾಲದೆಂದೂ ತೀರ್ಪು ಕೊಟ್ಟು, ಇನ್ನೊಂದು ಚಮಚವನ್ನು ಕೇಳಿದರು.

ಆ ಎರಡನೆಯ ಚಮಚವೇ ಈಗ ನನ್ನ ತಲೆಗೆ ಬಂದಿದೆ. ಮುಂದಿನ ತಿಂಗಳು ನನ್ನ ಮಗಳು ಫ್ರಾಂಕ್‌ಫರ್ಟಿನಿಂದ ಬರುವಳೆಂಬ ಸುದ್ದಿ ಕಿವಿಗೆ ಬಿದ್ದೊಡನೆ ರಾಯರು ಬೆಳಗಿನ ಆರು ಗಂಟೆಗೇ ಗೇಟಿನ ಬಳಿ ಕಾಣಿಸಿಕೊಂಡರು. ಅಂಗಡಿಯಲ್ಲಿ ಕೊಳ್ಳೋಣವೆಂದರೆ ಆಮದಿನ ಮೇಲಿನ 150 ಪ್ರತಿಶತ ಸುಂಕವು ವರ್ಷಗಟ್ಟಲೆ ಅವರ ಪಿಂಚಣಿಯನ್ನು ಹಿಂಡಿದೆ. ಪ್ರಯಾಣಿಕರಾದರೋ ತಲೆಗೆ ಎರಡು ಲೀಟರನ್ನು ಸುಂಕವಿಲ್ಲದೆ ತರಬಹುದು. ರಾಯರು ಲೆಕ್ಕವನ್ನು ಕಾಗದದಲ್ಲಿ ಬರೆದೇ ತಂದಿದ್ದರು: 750ರವು ಎರಡು, ತಾಯಿಯವರಿಗಾಗಿ ಸೋತೆರ್ನಿನ ಅರ್ಧ ಶೀಸೆ 375, ಒಟ್ಟು 1875. ಉಳಿಯುವ 125 ಮಿಲಿಲೀಟರಿಗೆ ಯಾವ ಶೀಸೆಯೂ ದೊರೆಯದಿರುವುದರಿಂದ ಅದು ಪ್ರತಿಯೊಬ್ಬ ಪ್ರಯಾಣಿಕನಿಗೂ ಆಗುತ್ತಿರುವ ನಷ್ಟವೆಂದೂ, ತಾವು ಈ ಕುರಿತು ಹಣಕಾಸಿನ ಮಂತ್ರಿಗಳಿಗೆ ಬರೆಯಬೇಕೆಂದಿರುವುದಾಗಿಯೂ, ನಾನು ಕೂಡ ಸಹಿ ಹಾಕಬೇಕೆಂದೂ ಹೇಳಿದರು. ಅವರು ಬಗ್ಗಿಸುವ ಅಳತೆಯಲ್ಲಿ ಅದು ಎರಡೂವರೆ ಅತಿಥಿಗಳ ಪಾಲು, ಸಹಿ ಹಾಕಿಕೊಟ್ಟೆ.