ಕಿತಾಪತಿ ನಿವಾರಣಾ ಮೀಮಾಂಸೆ: ಅಡಿಕೆ ಗ್ರೂಪುಗಳ ಒಂದು ಶಾಸ್ತ್ರೀಯ ವಿವೇಚನೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪುಗಳಲ್ಲಿ ಮೇ ತಿಂಗಳ ಕೊನೆಗೆ, ಅಂದರೆ ಕೊಳೆರೋಗಕ್ಕೆ ಮೊದಲ ಮದ್ದು ಬಿಡುವ ಹೊತ್ತಿಗೆ, ‘ಬೋರ್ಡೋಗೆ ಸುಣ್ಣ ಎಷ್ಟು?’ ಎಂಬ ಪ್ರಶ್ನೆ ತಪ್ಪದೆ ಉದ್ಭವಿಸುತ್ತದೆ; ಇದನ್ನು ಕೇಳುವವರಲ್ಲಿ ಎರಡು ಪ್ರಭೇದಗಳುಂಟೆಂಬುದು ಪ್ರಸ್ತುತ ಶಾಸ್ತ್ರದ ಮೂಲ ಪ್ರಮೇಯ. ‘ಜಿಜ್ಞಾಸು’ ಎಂದರೆ ಬೆಂಗಳೂರಿನ ಕೆಲಸ ಬಿಟ್ಟು ತಂದೆಯ ತೋಟಕ್ಕೆ ಮರಳಿದ, ಮೈಲುತುತ್ತನ್ನು ಕೈಯಲ್ಲಿ ಮುಟ್ಟಿರದ, ಉತ್ತರ ಸಿಗದಿದ್ದರೆ ಫಸಲನ್ನೇ ಕೊಳೆಗೆ ಒಪ್ಪಿಸಬೇಕಾದ ವ್ಯಕ್ತಿ. ‘ಕಿತಾಪತಿ’ ಎಂದರೆ ಉತ್ತರ ಗೊತ್ತಿದ್ದೂ ಕೇಳಿ, ಚಿಪ್ಪುಸುಣ್ಣದವರಿಗೂ ಕಲ್ಲುಸುಣ್ಣದವರಿಗೂ ಜಗಳ ಹಚ್ಚಿ, ಜಗಲಿಯಲ್ಲಿ ಕೂತು ಚಹಾ ಹೀರುವವನು.

ಪೂರ್ವಸೂರಿಗಳಾದ ಅಡ್ಮಿನ್‌ಗಳು ಸೂಚಿಸಿದ ಪರಿಹಾರಗಳು ಎರಡು. ಅಡ್ಮಿನ್‌ಗಳಷ್ಟೇ ಬರೆಯುವಂತೆ ಬೀಗ ಹಾಕಿದಲ್ಲಿ ಶಾಂತಿ ನೆಲೆಸುವುದೇನೋ ನಿಜ, ಆದರೆ ಉಳಿಯುವುದು ಕ್ಯಾಂಪ್ಕೋ ಧಾರಣೆ ಮತ್ತು ಶುಭೋದಯದ ಹೂವು ಮಾತ್ರ. ಯಾರ ಮಗ, ಎಷ್ಟು ಎಕರೆ, ಯಾರ ಪರಿಚಯ ಎಂಬ ಪ್ರವೇಶ ಪರೀಕ್ಷೆಯಲ್ಲಂತೂ ಊರಿಗೆಲ್ಲ ಪರಿಚಿತನಾದ ಕಿತಾಪತಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಜಿಜ್ಞಾಸು ಹೊರಗುಳಿಯುತ್ತಾನೆ.

ವಾಸ್ತವದಲ್ಲಿ ಪರಿಹಾರವು ಪ್ರಶ್ನೆಯೊಳಗೇ ಅಡಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯ ಬೆಳೆಗಾರರು ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗಲದಿರುವುದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಔಷಧವೆಂದು ಪ್ರಕಟಿಸಿದನು. ಕಿಡಿಗೇಡಿಗಳಿಗೆಂದು ಹುಟ್ಟಿದ ಮದ್ದು ಬೆಳೆಯನ್ನು ಉಳಿಸಿತು, ಮತ್ತು (ಅಡ್ಮಿನ್‌ಗಳು ಗಮನಿಸಬೇಕು) ಆ ಬೆಳೆಗಾರರು ರಸ್ತೆಯನ್ನು ಮುಚ್ಚಲಿಲ್ಲ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿದ ಬಳಿಕ, ಉಜ್ಜಿ ಹೊಳಪಾಗಿಸಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿಗೆ ಕೆಂಪು ತಾಮ್ರ ಹಿಡಿದಿದ್ದರೆ ಹುಳಿ ಹೆಚ್ಚಿದೆ, ಸುಣ್ಣ ಸಾಲದು ಎಂದರ್ಥ. ಗ್ರೂಪಿನಲ್ಲಿಯೂ ಪ್ರಶ್ನೆಯನ್ನು ನೋಡಿ ತೀರ್ಮಾನಿಸದೆ, ಸರಿಯಾದ ಉತ್ತರವನ್ನು ಒಮ್ಮೆ ನೇರವಾಗಿ ಅದ್ದಿ ಎರಡನೆಯ ಮೆಸೇಜಿಗೆ ಕಾಯಬೇಕು. ಜಿಜ್ಞಾಸು ಡ್ರಮ್ಮಿನ ಫೋಟೋ ಹಾಕಿ ‘ಬಾವಿ ನೀರು ಆಗ್ತದಾ?’ ಎನ್ನುತ್ತಾನೆ, ಕಿತಾಪತಿಯಾದರೋ ‘ಹಾಗಾದ್ರೆ ನಮ್ಮ ಅಜ್ಜ ಹಾಕಿದ್ದು ತಪ್ಪಾ ಮಾರಾಯ್ರೆ?’ ಎನ್ನುತ್ತಾನೆ. ಈತನಿಗೆ ಸುಣ್ಣ ಹೆಚ್ಚಿಸಬೇಕು: ಅಡ್ಮಿನ್‌ನಿಂದ ಒಂದು ಖಾಸಗಿ ಫೋನು, ಉಳಿದವರಿಂದ ಸಂಪೂರ್ಣ ಮೌನ. ಎಮೋಜಿಯೂ ಉತ್ತರವೇ ಆದುದರಿಂದ ಅದೂ ನಿಷಿದ್ಧ.

ಆದರೆ ಶಾಸ್ತ್ರವನ್ನು ಕಂಗೆಡಿಸುವ ಮೂರನೆಯ ಪ್ರಭೇದವೊಂದಿದೆ, ಅದೇ ‘ಅಡ್ಮಿನ್‌ನ ಬಾವ’. ಜಿಜ್ಞಾಸುವಿಗೆ ‘ಗೋಡೆಗೆ ಎಷ್ಟು ಬೇಕೋ ಅಷ್ಟು’ ಎಂದುತ್ತರಿಸಿ ನಗುವ ಈ ಹಿರಿಯರು ಓಡಿಸಿದಷ್ಟು ಹೊಸಬರನ್ನು ಯಾವ ಕಿತಾಪತಿಯೂ ಓಡಿಸಿರಲಾರ. ಇವರನ್ನು ಗ್ರೂಪಿನಿಂದ ತೆಗೆಯುವುದು ತಾತ್ತ್ವಿಕವಾಗಿ ಸಾಧ್ಯವಿದ್ದರೂ, ಮುಂದಿನ ವಾರ ಅವರ ಮನೆಯಲ್ಲಿಯೇ ಪೂಜೆಯೂ ಊಟವೂ ಇರುವುದರಿಂದ ಕಾರ್ಯತಃ ಅಸಾಧ್ಯ. ಆದ್ದರಿಂದ ಅವರನ್ನು ‘ಸುಣ್ಣ ಸಂಚಾಲಕ’ರನ್ನಾಗಿ ನೇಮಿಸಿ, ಮಳೆಗಾಲ ಮುಗಿಯುವವರೆಗೆ ಆ ಪ್ರಶ್ನೆಗೆ ಉತ್ತರಿಸುವ ಪೂರ್ಣ ಹೊಣೆಯನ್ನು ವಹಿಸತಕ್ಕದ್ದು. ಗೌರವಧನದ ವಿಚಾರವನ್ನು ಆಟಿ ಕಳೆದ ಮೇಲೆ ಪರಿಶೀಲಿಸಬಹುದು.